ಪ್ರೇಮಲೀಲಾ ಮನೆಯ ಆರನೇ ನಂಬರು

ಪ್ರೇಮಲೀಲಾ ಎಂಬ ಹೆಸರು ಕೇಳಿದವರು ತೆಳ್ಳಗಿನ, ಮೆಲುಮಾತಿನ, ಸಂಜೆ ಹೊತ್ತು ವೀಣೆ ಹಿಡಿದು ಕೂರುವ ಹೆಂಗಸೊಬ್ಬಳನ್ನು ಕಲ್ಪಿಸಿಕೊಂಡರೆ ತಪ್ಪು ಅವರದಲ್ಲ. ಆದರೆ ಆ ಹೆಸರಿಟ್ಟವರು ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡು ಕೋಳಿ ಕೂಗುವ ಹೊತ್ತಿಗೇ ಕುಸ್ತಿಗಿಳಿಯುತ್ತಿದ್ದ ವಸ್ತಾದ್ ಚಿಕ್ಕಬಸವಯ್ಯನವರು. ಗರಡಿಯಲ್ಲಿ ಕುಸ್ತಿ ಕಲಿಸುವ ಗುರುವಿಗೆ ವಸ್ತಾದ್ ಎನ್ನುತ್ತಾರೆ. ಮಗನಿಗೆ ರುದ್ರಸ್ವಾಮಿ ಎಂದು ತೂಕದ ಹೆಸರಿಟ್ಟ ಆ ಮನುಷ್ಯ ಮಗಳು ಹುಟ್ಟಿದಾಗ ಮಾತ್ರ ಎಲ್ಲಿಂದಲೋ ಪ್ರೇಮಲೀಲಾ ಎಂಬುದನ್ನು ಹುಡುಕಿ ತಂದರು. ಅವರೊಳಗೆ ಒಂದು ಮೆತ್ತನೆಯ ಜಾಗ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಯಾರಿಗೂ ಸಿಕ್ಕಿರಲಿಲ್ಲ.

ಮೈಸೂರಿನ ಹಳೆಯ ಮೊಹಲ್ಲಾದಲ್ಲಿ ಅವರ ಮನೆಗೂ ಗರಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ ಎಂಬುದು ಕಟ್ಟಳೆ. ಆದರೆ ಅಡುಗೆಮನೆಯ ಕಿಟಕಿ ಗರಡಿಯ ಮಣ್ಣಿನ ಅಖಾಡಕ್ಕೆ ನೇರವಾಗಿ ತೆರೆದುಕೊಂಡಿತ್ತು, ಕಿಟಕಿಯ ವಿಷಯದಲ್ಲಿ ಕಟ್ಟಳೆ ಏನೂ ಹೇಳಿರಲಿಲ್ಲ. ರೊಟ್ಟಿ ತಟ್ಟುತ್ತಾ, ತರಕಾರಿ ಹೆಚ್ಚುತ್ತಾ ಪ್ರೇಮಲೀಲಾ ಕಣ್ಣಲ್ಲೇ ಕುಸ್ತಿ ಕಲಿತಳು. ಹೆಂಚಿನ ಮೇಲೆ ರೊಟ್ಟಿ ಕರಿಕಲಾದಾಗಲೆಲ್ಲ ಆವತ್ತು ಒಳ್ಳೆಯ ಜೋಡಿ ಬಿದ್ದಿದೆ ಎಂದು ಮನೆಯವರಿಗೆಲ್ಲ ತಿಳಿಯುತ್ತಿತ್ತು.

ವಸ್ತಾದರ ಗರಡಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ನಿಯಮ ಇತ್ತು. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋತಂತೆ, ಅದು ಎಲ್ಲ ಕಡೆಯೂ ಇರುವುದೇ. ಇಲ್ಲಿ ಮಾತ್ರ, ಒಬ್ಬನ ಬೆನ್ನು ನೆಲ ಮುಟ್ಟಿದ ಕೂಡಲೇ ಸುತ್ತ ನಿಂತವರೆಲ್ಲ ಮುಖ ತಿರುಗಿಸಬೇಕು. ಅವನು ಎದ್ದು, ಬೆನ್ನಿನ ಮಣ್ಣು ಒದರಿಕೊಂಡು, ಲಂಗೋಟಿ ಸರಿಮಾಡಿಕೊಂಡ ಮೇಲಷ್ಟೇ ಅವನ ಕಡೆ ನೋಡಬಹುದು. ಬಿದ್ದವನ ಮಾನ ಕಾಯುವುದು ನಿಂತವರ ಕೆಲಸ ಎಂದು ಚಿಕ್ಕಬಸವಯ್ಯನವರ ವಾದ. ಹುಡುಗರು ಪಾಲಿಸುತ್ತಿದ್ದರು. ಕಿಟಕಿಯ ಹಿಂದೆ ಪ್ರೇಮಲೀಲಾ ಕೂಡ ಯಾರೂ ಹೇಳದೆಯೇ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಕೇಳುವುದಕ್ಕೆ ದೊಡ್ಡ ಗುಣವೇ. ಆದರೆ ದೊಡ್ಡ ಗುಣಗಳು ಮನೆಯೊಳಗೆ ಬಂದರೆ ಏನೇನು ಮಾಡುತ್ತವೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ರುದ್ರಸ್ವಾಮಿ ಒಂದು ದಸರಾ ಕುಸ್ತಿಯಲ್ಲಿ, ಇಡೀ ಮೊಹಲ್ಲಾ ನೋಡುತ್ತಿರುವಾಗ, ಬೇರೆ ಊರಿನ ಪೈಲ್ವಾನನ ಕೈಯಲ್ಲಿ ಅಂಗಾತ ಬಿದ್ದ. ಕುಸ್ತಿ ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದಿತ್ತು. ಮನೆಗೆ ಬಂದಾಗ ಅಪ್ಪ ಬಾದಾಮಿ ನೆನೆಹಾಕುವ ವಿಷಯ ಮಾತಾಡಿದರು, ಅಮ್ಮ ಮುದ್ದೆಗೆ ತುಪ್ಪ ಬಡಿಸಿದರು, ಯಾರೊಬ್ಬರೂ ಸೋಲಿನ ಮಾತೆತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ, ಆಮೇಲೆ ಎಂದೂ ಎತ್ತಲಿಲ್ಲ. ಅಂದು ತಿರುಗಿದ ಮುಖಗಳು ಮತ್ತೆ ಅವನ ಕಡೆ ಪೂರ್ತಿ ತಿರುಗಲೇ ಇಲ್ಲ. ರುದ್ರಸ್ವಾಮಿ ಗರಡಿ ಬಿಟ್ಟು ಅಶೋಕಪುರಂನ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ, ಅಲ್ಲೇ ಸಂಸಾರ ಹೂಡಿದ. ಅಪ್ಪ ತೀರಿಕೊಂಡ ಮೇಲೆ ಗರಡಿಗೆ ಬೀಗ ಬಿತ್ತು.

ಪ್ರೇಮಲೀಲಾ ಮಠದ ಕಡೆಯ ಹಿರಿಯರು ತಂದ ಸಂಬಂಧಕ್ಕೆ ಒಪ್ಪಿ ಜಯಲಕ್ಷ್ಮಿಪುರಂಗೆ ಸೊಸೆಯಾಗಿ ಬಂದರು. ಗಂಡ ವಿಶ್ವನಾಥ್ ಯೂನಿವರ್ಸಿಟಿಯ ಪರೀಕ್ಷಾ ವಿಭಾಗದ ಗುಮಾಸ್ತರು, ಇರುವೆ ಕಂಡರೂ ದಾರಿ ಬಿಟ್ಟು ನಡೆಯುವಂಥವರು. ಜೀವನದಲ್ಲಿ ಅವರು ಯಾರನ್ನಾದರೂ ಕೆಡವಿದ್ದರೆ ಅದು ಅಂಕಪಟ್ಟಿಯಲ್ಲಿ ಮಾತ್ರ. ಅಂಥ ಮನೆಯಲ್ಲಿ ಕುಸ್ತಿಯ ಮಾತು ಎತ್ತುವುದು ಹೇಗೆ? ಪ್ರೇಮಲೀಲಾ ಎತ್ತಲೂ ಇಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಬೀದಿಗೆ ಕೇಬಲ್ ಬಂತು. ಮಗ ಮಹೇಶ್ ಮತ್ತು ಅವನ ಗೆಳೆಯರು ಬಣ್ಣಬಣ್ಣದ ಚಡ್ಡಿ ತೊಟ್ಟ ವಿದೇಶಿ ಜಟ್ಟಿಗಳ ಕುಸ್ತಿಗೆ ಮರುಳಾದರು. ಆ ಜಟ್ಟಿಗಳ ಚಿತ್ರದ ಕಾರ್ಡುಗಳನ್ನು ಜೇಬಲ್ಲಿಟ್ಟುಕೊಂಡು ಸ್ಕೂಲಿಗೆ ಹೋಗುವುದು, ಬಯ್ಸಿಕೊಂಡು ಬರುವುದು. ಒಂದು ದಿನ ಪ್ರೇಮಲೀಲಾ ಆಸೆಯಿಂದ ಬಂದು ಟೀವಿಯ ಮುಂದೆ ಕೂತರು. ಸ್ವಲ್ಪ ಹೊತ್ತಿಗೇ ಎದ್ದುಬಿಟ್ಟರು.

"ಇದು ನಾಟಕ ಕಣೋ ಮಹೇಶ," ಎಂದರು. "ಹೊಡೆಯೋನ ಕೈ ತಗುಲೋಕ್ಮುಂಚೆನೇ ಇವನು ಬಿದ್ಬುಟ್ಟ. ನಿಮ್ ತಾತ ಇದ್ದಿದ್ರೆ ಇಬ್ಬರಿಗೂ ಬಸ್ಕಿ ಹೊಡೆಸ್ತಿದ್ರು."

ಮಗ ಮೂರು ದಿನ ಮಾತು ಬಿಟ್ಟ. ಈಗ ಅವನು ಸಯ್ಯಾಜಿರಾವ್ ರಸ್ತೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡು, ಮದುವೆಯಾಗಿ, ಲಾಸ್ಯ ಎಂಬ ಮಗಳ ಅಪ್ಪನಾಗಿದ್ದಾನೆ. ಆದರೂ ಆ ಮಾತಿಗೆ ಇನ್ನೂ ಒಳಗೊಳಗೇ ಸಿಟ್ಟಿದೆ.

ಎರಡು ಸಾವಿರದ ಆರರಲ್ಲಿ ಆ ಪೆಟ್ಟಿಗೆ ಬಂತು. ಇಲವಾಲದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ ಲೋಕೇಶ್ ಎಂಬ ಯುವಕ ಅದನ್ನು ಟೀವಿಯ ಪಕ್ಕ ಜೋಡಿಸಿದ. ಯಾವ ಮನೆಯಲ್ಲಿ ಯಾರು ಯಾವ ಚಾನೆಲ್ಲನ್ನು ಎಷ್ಟು ಹೊತ್ತು ನೋಡುತ್ತಾರೆ ಎಂದು ಲೆಕ್ಕ ತೆಗೆಯುವ ಪೆಟ್ಟಿಗೆ ಅದು. ಊರೂರಿನ ಕೆಲವೇ ಮನೆಗಳಲ್ಲಿ ಇಂಥವನ್ನು ಇಟ್ಟು, ಅದರ ಮೇಲೆ ಇಡೀ ದೇಶದ ರೇಟಿಂಗ್ ಹೇಳುತ್ತಾರಂತೆ. ಜೊತೆಗೊಂದು ಪುಟ್ಟ ಬಟನ್ ಪಟ್ಟಿ. ಯಜಮಾನರು ಒಂದನೇ ನಂಬರು, ಪ್ರೇಮಲೀಲಾ ಎರಡು, ಮಹೇಶ್ ಮೂರು, ಸೊಸೆ ಶಿಲ್ಪಶ್ರೀ ನಾಲ್ಕು, ಲಾಸ್ಯ ಐದು. ಹೊರಗಿನಿಂದ ಬಂದವರಿಗೆಂದು ಕೊನೆಯಲ್ಲಿ ನೆಂಟರ ಬಟನ್ ಒಂದು. ಟೀವಿ ಹಾಕಿದ ಮೇಲೆ ಯಾರೂ ಒತ್ತದಿದ್ದರೆ ಪೆಟ್ಟಿಗೆಯ ಕೆಂಪು ದೀಪ ಮಿಟುಕುತ್ತಲೇ ಇರುತ್ತದೆ.

"ಒಂದೇ ರೂಲ್ಸು ಅಮ್ಮ," ಎಂದ ಲೋಕೇಶ್. "ಅವರವರ ಬಟನ್ನು ಅವರವರೇ ಒತ್ಬೇಕು. ಗಂಡಂದು ಹೆಂಡ್ತಿ, ಮಗಂದು ಅಮ್ಮ ಹಂಗೆಲ್ಲ ಒತ್ತಂಗಿಲ್ಲ. ಆಮೇಲೆ ಪೆಟ್ಟಿಗೆ ವಿಷ್ಯ ಯಾರಿಗೂ ಹೇಳ್ಬೇಡಿ."

ಈ ಪೆಟ್ಟಿಗೆಯಿಂದ ಮನೆಗೆ ಒಂದು ಗಾಂಭೀರ್ಯ ಬಂದುಬಿಟ್ಟಿತು. ವಿಶ್ವನಾಥರು ವಾರ್ತೆಯ ಹೊತ್ತಿಗೆ ಮಡಿ ಪಂಚೆಯುಟ್ಟು, ವಿಭೂತಿ ಹಚ್ಚಿಕೊಂಡು, ದೆಹಲಿಯವರೆಗೂ ಗೊತ್ತಾಗಲಿ ಎಂಬಂತೆ ಒಂದನೇ ನಂಬರನ್ನು ಒತ್ತಿ ಹಿಡಿಯುತ್ತಿದ್ದರು. ಶಿಲ್ಪಶ್ರೀ ಸ್ಕೂಲ್ ಟೀಚರು. ಅವಳು ಧಾರಾವಾಹಿ ನೋಡಿ ಕಣ್ಣೊರೆಸಿಕೊಳ್ಳುವವಳಾದರೂ ಬಟನ್ ಒತ್ತಿದ ಮೇಲೆ ಜ್ಞಾನದ ಚಾನೆಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಸಿಂಹ, ಜಿಂಕೆ ನೋಡಿ ಬರುತ್ತಿದ್ದಳು. ಲೆಕ್ಕದಲ್ಲಿ ಒಳ್ಳೆಯವಳಾಗಿ ಕಾಣಬೇಕಲ್ಲ.

ಪ್ರೇಮಲೀಲಾಗೆ ಆ ಚಪಲ ಇರಲಿಲ್ಲ. ಮಧ್ಯಾಹ್ನ ಊಟವಾಗಿ, ರಿಟೈರಾಗಿದ್ದ ಗಂಡ ಮಲಗಿದ ಮೇಲೆ ಮನೆಯೆಲ್ಲ ಅವರದು. ಒಂದು ದಿನ ಚಾನೆಲ್ ತಿರುಗಿಸುತ್ತಿದ್ದಾಗ ಸ್ಪೋರ್ಟ್ಸ್ ಚಾನೆಲ್ಲೊಂದರಲ್ಲಿ ಕಂಬಿಬಲೆಯ ಪಂಜರ ಕಂಡಿತು. ಒಳಗೆ ಇಬ್ಬರು, ಬರಿಗಾಲು, ಕೈಗೆ ಬೆರಳು ಕಾಣುವ ತೆಳು ಗ್ಲೌಸು. ಒಬ್ಬನು ಗುದ್ದಿದ, ಇನ್ನೊಬ್ಬನು ಬಗ್ಗಿ ತಪ್ಪಿಸಿಕೊಂಡು ನುಗ್ಗಿ ಎದುರಾಳಿಯ ಎರಡೂ ತೊಡೆಗಳನ್ನು ಬಾಚಿ ಹಿಡಿದ. ಆ ಹಿಡಿತ ನೋಡಿದ್ದೇ ಪ್ರೇಮಲೀಲಾರ ಮೈ ಜುಮ್ಮೆಂದಿತು. ನಲವತ್ತು ವರ್ಷಗಳ ಹಿಂದೆ ರೊಟ್ಟಿ ಕರಿಕಲಾಗಿಸಿದ ಹಿಡಿತ ಅದೇ. ಇದು ನಾಟಕವಲ್ಲ ಎಂದು ಅವರಿಗೆ ಒಂದೇ ನೋಟಕ್ಕೆ ಗೊತ್ತಾಯಿತು.

ಅಂದಿನಿಂದ ಮಧ್ಯಾಹ್ನಗಳಿಗೆ ಒಂದು ಕಾರಣ ಸಿಕ್ಕಿತು. ಅದಕ್ಕೆ ಅವರಿಟ್ಟ ಹೆಸರು ಪಂಜರದ ಕುಸ್ತಿ. ಎರಡನೇ ನಂಬರು ಒತ್ತಿ, ಸದ್ದು ಸಣ್ಣದು ಮಾಡಿ, ಅವರೆಕಾಯಿ ಸುಲಿಯುತ್ತಾ ಕೂರುವರು. ಆದರೆ ಯಾರದೇ ಬೆನ್ನು ನೆಲಕ್ಕೆ ತಗುಲಿದ ಕ್ಷಣವೇ ಟೀವಿ ಆರಿಸಿಬಿಡುವರು. ಕುಸ್ತಿ ಮುಗಿಯಿತು, ಬಿದ್ದವನ ಮುಖ ನೋಡಬಾರದು. ಅಪ್ಪನ ನಿಯಮ ಅವರ ಹೆಬ್ಬೆರಳಿಗೆ ಇಳಿದುಬಿಟ್ಟಿತ್ತು. ಗೆದ್ದವನಿಗೆ ಯಾಕೆ ಯಾರೂ ಪೇಟ ಸುತ್ತುವುದಿಲ್ಲ ಎಂಬ ಅನುಮಾನ ಒಮ್ಮೊಮ್ಮೆ ಬಂದರೂ, ಆಮೇಲೆ ಸುತ್ತುತ್ತಾರೇನೋ ಎಂದುಕೊಂಡು ಅವರೆಕಾಯಿಗೆ ಮರಳುವರು.

ಮಾರನೆಯ ವರ್ಷದ ಬೇಸಿಗೆಯಲ್ಲಿ ರುದ್ರಸ್ವಾಮಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲು ಮುರಿದು ಆಪರೇಷನ್ ಆಯಿತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಪ್ರೇಮಲೀಲಾ ಗಂಡನನ್ನು ಒಂದು ಮಾತೂ ಕೇಳದೆ ಅಣ್ಣನನ್ನು ತಮ್ಮ ಮನೆಗೆ ಕರೆತಂದು ಹಾಲಿನಲ್ಲೇ ಮಂಚ ಹಾಕಿಸಿದರು. ವಿಶ್ವನಾಥರೂ ಒಂದು ಮಾತೂ ಆಡದೆ ತಮ್ಮ ದಿಂಬು ತಂದು ಕೊಟ್ಟರು.

ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. "ಮೂಳೆ ಕೂಡ್ಕೊಂಡಿದೆ. ಮಲಗಿದ್ದಲ್ಲೇ ಕಾಲೆತ್ತೋ ವ್ಯಾಯಾಮ ಮಾಡಿಸಿ, ವಾಕರ್ ಹಿಡ್ಕೊಂಡು ನಡೆಸಿ. ಈ ಮಳೆಗಾಲದೊಳಗೆ ಎದ್ದರೆ ಎದ್ದರು. ಇಲ್ಲ ಅಂದ್ರೆ ಆಮೇಲೆ ನಮ್ಮ ಕೈಲಿಲ್ಲ."

ರುದ್ರಸ್ವಾಮಿ ಕಾಲೆತ್ತಲಿಲ್ಲ. ಊಟ ಮಾಡಿದರೆ ಮಾಡಿದರು, ಇಲ್ಲದಿದ್ದರೆ ಇಲ್ಲ. ದಿನವೂ ತಪ್ಪದ ಲಿಂಗಪೂಜೆಯನ್ನೂ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ವಾಕರ್ ಮೂಲೆಯಲ್ಲಿ ನಿಂತಿತ್ತು, ಅದರ ಮೇಲೆ ಲಾಸ್ಯಳ ಯೂನಿಫಾರಂ ಒಣಗುತ್ತಿತ್ತು. ಪ್ರೇಮಲೀಲಾ ಗದರಿದರು, ಬೇಡಿಕೊಂಡರು, ಅಡುಗೆಮನೆಗೆ ಹೋಗಿ ಅತ್ತರು.

"ಬೆನ್ನು ನೆಲಕ್ಕೆ ಬಿತ್ತಲ್ಲ ಪ್ರೇಮಾ," ಎಂದರು ರುದ್ರಸ್ವಾಮಿ ಒಮ್ಮೆ ಗೋಡೆಗೇ ಹೇಳುವಂತೆ. "ಇನ್ನೇನಿದೆ? ಬುಟ್ಬುಡು ನನ್ನ."

ಅಂಥ ಒಂದು ಮಧ್ಯಾಹ್ನ ಲೋಕೇಶ್ ಬಂದ. ಪೆಟ್ಟಿಗೆಯ ಲೆಕ್ಕವನ್ನು ತನ್ನ ಯಂತ್ರಕ್ಕೆ ಇಳಿಸಿಕೊಳ್ಳಲು ಆಗಾಗ ಬರುತ್ತಿದ್ದ. ಈ ಸಲ ಸ್ಕ್ರೂ ಡ್ರೈವರ್ ಹಿಡಿದು ಪೆಟ್ಟಿಗೆಯ ಹಿಂದೆ ಮುಂದೆ ನೋಡಿ, ವೈರು ಎಳೆದು, ಮತ್ತೆ ಸಿಕ್ಕಿಸಿ, ತಲೆ ಕೆರೆದುಕೊಂಡ. ವಿಶ್ವನಾಥರೂ ನಿದ್ದೆಯಿಂದೆದ್ದು ಬಂದು ಕೂತಿದ್ದರು.

"ಅಮ್ಮ, ಒಂದು ಕೇಳ್ಲಾ? ಈ ಎರಡನೇ ನಂಬರು ನಿಮ್ದೇ ತಾನೆ? ಮಧ್ಯಾಹ್ನ ಆ ಫೈಟಿಂಗ್ ಪ್ರೋಗ್ರಾಂ ನೋಡೋದು ನೀವೇನಾ?"

ವಿಶ್ವನಾಥರು ಹೆಂಡತಿಯ ಮುಖ ನೋಡಿದರು. ಹೆಂಡತಿ ಅಡುಗೆ ಕಾರ್ಯಕ್ರಮ ನೋಡುತ್ತಾಳೆಂದು ಅವರು ನಂಬಿದ್ದರು, ಊಟದಲ್ಲಿ ಅದರ ಫಲ ಯಾಕೆ ಕಾಣುತ್ತಿಲ್ಲ ಎಂಬ ಚಿಂತೆಯೂ ಅವರಿಗಿತ್ತು.

"ನಾನೇ ಕಣಪ್ಪ," ಎಂದರು ಪ್ರೇಮಲೀಲಾ. ಅಷ್ಟು ದಿನ ಮುಚ್ಚಿಟ್ಟ ವಿಷಯ ಒಂದೇ ಉಸಿರಿಗೆ ಹೊರಬಿದ್ದು ಅವರಿಗೇ ಹಗುರವಾಯಿತು. "ಯಾಕೆ, ನೋಡ್ಬಾರ್ದಾ?"

"ನೋಡ್ಬೋದು, ಯಾಕೆ ನೋಡ್ಬಾರ್ದು. ಆಫೀಸಲ್ಲಿ ಪೆಟ್ಟಿಗೆ ಕೆಟ್ಟಿದೆ ಅಂತಿದಾರೆ. ಅರವತ್ತು ದಾಟಿದ ಹೆಂಗಸ್ರು ಅದನ್ನ ನೋಡೋ ಚಾನ್ಸೇ ಇಲ್ಲ ಅಂತ. ನೋಡೋರೇ ಕಮ್ಮಿ ಅಮ್ಮ ಅದನ್ನ. ಇಡೀ ಮೈಸೂರಲ್ಲಿ ನಮ್ಮ ಪೆಟ್ಟಿಗೆ ಇರೋ ಮನೆಗಳಲ್ಲಿ ನೀವು, ಇನ್ನೊಬ್ಬ ಕಾಲೇಜು ಹುಡುಗ, ಅಷ್ಟೇ. ಅದೂ ಹೋಗ್ಲಿ, ನೀವು ಪ್ರತೀ ಸಲ ಫೈಟು ಅರ್ಧಕ್ಕೇ ಆಫ್ ಮಾಡ್ತೀರ. ಒಳ್ಳೆ ಟೈಮಲ್ಲೇ ಆಫ್ ಮಾಡ್ತೀರ. ನಂಗೆ ತಡ್ಕಳಕ್ಕಾಗ್ತಿಲ್ಲ, ಅದಕ್ಕೇ ಕೇಳ್ದೆ."

"ಅರ್ಧಕ್ಕೆಲ್ಲಿ? ಬೆನ್ನು ನೆಲಕ್ಕೆ ಬಿದ್ಮೇಲೆ ಮುಗೀತಲ್ಲ."

ಲೋಕೇಶ್ ಬಾಯಿ ತೆರೆಯುವ ಮೊದಲೇ ಮಂಚದ ಕಡೆಯಿಂದ ದನಿ ಬಂತು. "ಬಿದ್ದೋನನ್ನ ನೋಡ್ಬಾರ್ದು. ಅದು ಗರಡಿ ಮರ್ಯಾದೆ." ರುದ್ರಸ್ವಾಮಿ ಗೋಡೆಯಿಂದ ಮುಖ ತೆಗೆದಿರಲಿಲ್ಲ. ಆದರೆ ತಾವಾಗಿ ಮಾತಾಡಿ ಎಷ್ಟೋ ದಿನವಾಗಿತ್ತು.

"ಅಯ್ಯೋ ಇಲ್ಲ ಸಾರ್," ಎಂದ ಲೋಕೇಶ್. ಅವನ ದನಿಯಲ್ಲಿ ಕೆಲಸದವನು ಹೋಗಿ ಅಭಿಮಾನಿ ಬಂದು ಕೂತಿದ್ದ. "ಇದ್ರಲ್ಲಿ ಬೆನ್ನು ಬಿದ್ರೆ ಅದು ಲೆಕ್ಕಕ್ಕೇ ಇಲ್ಲ. ಸೋತೆ ಅಂತ ಅವನೇ ಕೈ ತಟ್ಟಿ ಹೇಳ್ಬೇಕು, ಇಲ್ಲ ರೆಫರಿ ನಿಲ್ಲಿಸ್ಬೇಕು, ಇಲ್ಲ ಟೈಮು ಮುಗೀಬೇಕು. ಕೆಲವ್ರು ಬೇಕಂತಲೇ ಬೆನ್ನ ಮೇಲೆ ಬೀಳ್ತಾರೆ ಸಾರ್. ಅಲ್ಲಿಂದಲೇ ಗೆಲ್ತಾರೆ."

"ಬಿದ್ದೋನು ಗೆಲ್ಲೋದು," ಎಂದರು ರುದ್ರಸ್ವಾಮಿ. "ಬುರುಡೆ ಬಿಡ್ಬೇಡ."

ಲೋಕೇಶನಿಗೆ ಆಗ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡು, ಇದನ್ನು ನೋಡಿ ಅದನ್ನು ನೋಡಬೇಡಿ ಎಂದು ಆಫೀಸಿನ ಕಡೆಯವರು ಹೇಳುವಂತೆಯೇ ಇಲ್ಲ, ತಾನು ಏನೂ ಹೇಳಿಲ್ಲವೆಂದೇ ತಿಳಿದುಕೊಳ್ಳಬೇಕು ಎಂದು ಕೈ ಮುಗಿದು ಹೊರಟುಹೋದ.

ಮುಂದಿನ ಪಂಜರದ ಕುಸ್ತಿಯ ದಿನ ಪ್ರೇಮಲೀಲಾ ಅವರೆಕಾಯಿ ತೆಗೆದುಕೊಳ್ಳಲಿಲ್ಲ. ರಿಮೋಟನ್ನು ಮಡಿಲಲ್ಲಿಟ್ಟು ಕೂತರು. ನೋಡನೋಡುತ್ತಲೇ ದಪ್ಪ ಭುಜದವನೊಬ್ಬ ತೆಳ್ಳಗಿನವನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಮಂಚದ ಮೇಲೆ ರುದ್ರಸ್ವಾಮಿ ಸದ್ದು ಕೇಳಿಯೇ ಗೋಡೆಯ ಕಡೆ ತಿರುಗಿದರು. ಪ್ರೇಮಲೀಲಾರ ಹೆಬ್ಬೆರಳು ತಾನಾಗಿಯೇ ಬಟನ್ನಿನ ಮೇಲೆ ಹೋಯಿತು. ಅದನ್ನು ಅಲ್ಲಿಂದ ಕಿತ್ತು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ಅಪ್ಪನ ನಿಯಮವನ್ನು ಅವರು ಮುರಿದದ್ದು ಅದೇ ಮೊದಲು.

"ಅಣ್ಣ, ಈ ಕಡೆ ತಿರುಗು."

ಅವರು ತಿರುಗಲಿಲ್ಲ.

"ಮೇಲಿರೋನು ಗುದ್ತಿದಾನೆ. ಕೆಳಗಿರೋನು ಸುಮ್ನೆ ಬಿದ್ದಿಲ್ಲ ಅಣ್ಣ, ಅವನ ಕೈ ಹಿಡ್ಕೊಂಡವ್ನೆ. ಈಗ ಸೊಂಟ ಆ ಕಡೆ ಜಾರಿಸ್ದ. ಕಾಲೆತ್ತಿದ, ಅಣ್ಣ, ಎರಡೂ ಕಾಲು. ಮೇಲಿರೋನ ಕುತ್ತಿಗೆಗೆ ಹಾಕ್ದ ನೋಡು."

"ಕಾಲಾ?" ಎಂದರು ರುದ್ರಸ್ವಾಮಿ. ಕುತೂಹಲ ತಡೆಯಲಾರದೆ ತಲೆ ಹೊರಳಿಸಿದರು.

ಪರದೆಯ ಮೇಲೆ ಬಿದ್ದವನು ತನ್ನ ಒಂದು ಕಾಲಿನ ಮೀನಖಂಡವನ್ನು ಇನ್ನೊಂದರ ಮಂಡಿಯ ಹಿಂದೆ ಸಿಕ್ಕಿಸಿ ಬೀಗ ಹಾಕಿದ್ದ. ನಡುವೆ ಸಿಕ್ಕಿಕೊಂಡ ದಪ್ಪ ಭುಜದವನ ಮುಖ ಕೆಂಪೇರಿತು, ಎಳೆದಾಡಿದ, ಎತ್ತಿ ಒಗೆಯಲು ನೋಡಿದ. ಕೊನೆಗೆ ತಾನೇ ಸಾಕು ಎಂದು ಕೈ ತಟ್ಟಿದ. ರೆಫರಿ ಬಿಡಿಸಿ, ಬಿದ್ದವನ ಕೈ ಹಿಡಿದು ಮೇಲೆತ್ತಿದ.

"ಗೆದ್ದೋನು ಯಾರು?" ಎಂದರು ರುದ್ರಸ್ವಾಮಿ.

"ಕೆಳಗಿದ್ದೋನು."

ಜಾಹೀರಾತು ಬಂದು ಹೋಯಿತು. ಆಮೇಲೆ ರುದ್ರಸ್ವಾಮಿ ಮೆಲ್ಲಗೆ ಕೇಳಿದರು. "ಇನ್ನೊಂದ್ಸಲ ತೋರಿಸ್ತಾರಾ ಅದನ್ನ?"

ತೋರಿಸಿದರು, ನಿಧಾನಗತಿಯಲ್ಲಿ. ಅಣ್ಣತಂಗಿ ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದರು. ಅದು ಮುಗಿದ ಮೇಲೆ ಪ್ರೇಮಲೀಲಾ ಸದ್ದು ಪೂರ್ತಿ ಇಳಿಸಿ, ಪರದೆಯ ಕಡೆಗೇ ನೋಡುತ್ತಾ ಹೇಳಿದರು.

"ಆವತ್ತು ದಸರಾದಿಂದ ಬಂದಾಗ ನಿನ್ನ ಬೆನ್ನ ಮೇಲೆ ಮಣ್ಣು ಹಂಗೇ ಇತ್ತು. ನೀನು ಬಚ್ಚಲಿಗೆ ಹೋಗ್ವಾಗ ನೋಡ್ದೆ. ನೋಡಿ ಮುಖ ತಿರುಗಿಸ್ಕೊಂಬುಟ್ಟೆ."

"ಗೊತ್ತು," ಎಂದರು ರುದ್ರಸ್ವಾಮಿ. "ಬಚ್ಚಲಲ್ಲಿ ನೀರು ಹುಯ್ಕೊಳ್ದೆ ನಿಂತಿದ್ದೆ. ಯಾರಾದ್ರೂ ಬಂದು ಬೆನ್ನು ಉಜ್ತಾರೇನೋ, ಎರಡು ಬಯ್ತಾರೇನೋ ಅಂತ. ಬಯ್ದಿದ್ರೆ ಮಾರನೇ ದಿನ ಗರಡಿಗೆ ಹೋಗ್ತಿದ್ದೆ ಪ್ರೇಮಾ."

ಪ್ರೇಮಲೀಲಾ ಅತ್ತರು. ಸೆರಗು ಬಾಯಿಗೆ ಒತ್ತಿಕೊಂಡು ಅಳುವ ಅಭ್ಯಾಸ ಬಿಟ್ಟು, ಅಣ್ಣನ ಎದುರಿಗೇ, ಸದ್ದು ಬರುವಂತೆ ಅತ್ತರು. ಇಡೀ ಮನೆ ಮರ್ಯಾದೆಯೆಂದುಕೊಂಡು ಆ ಹುಡುಗನನ್ನು ಬಚ್ಚಲಲ್ಲಿ ಒಂಟಿಯಾಗಿ ನಿಲ್ಲಿಸಿತ್ತು, ಅದರಲ್ಲಿ ತಾನೂ ಒಬ್ಬಳು ಎಂಬುದು ಅವರಿಗೆ ಅಷ್ಟು ವರ್ಷಗಳ ಮೇಲೆ ಅರ್ಥವಾಗಿತ್ತು. ಆಮೇಲೆ ಎದ್ದು ಹೋಗಿ ಬಿಸಿನೀರು, ಟವೆಲ್ಲು ತಂದು, ಅಣ್ಣನನ್ನು ಮಗ್ಗುಲಾಗಿಸಿ ಬೆನ್ನು ಒರೆಸಿದರು. ಬಯ್ಯುವುದನ್ನೂ ಮರೆಯಲಿಲ್ಲ.

"ಅವನು ಸೊಂಟಕ್ಕೆ ಕೈ ಹಾಕಿದಾಗ ನೀನು ಹಿಂದೆ ಯಾಕೆ ಸರಿದೆ? ಊರೆಲ್ಲ ಆಡ್ಕೊಳ್ತಿತ್ತು, ನಂಗೂ ಕಿವಿಗೆ ಬಿದ್ದಿತ್ತು. ಬುದ್ಧಿ ಎಲ್ಲಿಟ್ಟಿದ್ದೆ?"

ರುದ್ರಸ್ವಾಮಿ ಗೋಡೆಯ ಕಡೆ ಮುಖ ಮಾಡಿಯೇ ಇದ್ದರು. ಆದರೆ ಭುಜ ಕುಲುಕುತ್ತಿತ್ತು, ಅವರು ನಗುತ್ತಿದ್ದರು.

ಪಂಜರದ ಕುಸ್ತಿ ಆಮೇಲೆ ಇಡೀ ಮನೆಯದಾಯಿತು. ರುದ್ರಸ್ವಾಮಿಗೆ ಅದರ ಮೇಲೆ ನೂರು ತಕರಾರು. ಗುದ್ದುವುದು ಅವರಿಗೆ ಸೇರದು, ರಕ್ತ ಕಂಡರೆ ಕಟುಕರೆಂದು ಬಯ್ಯುವರು. ಆದರೆ ಯಾರಾದರೂ ಬೆನ್ನ ಮೇಲೆ ಬಿದ್ದರೆ ದಿಂಬಿನಿಂದ ತಲೆ ಎತ್ತಿಬಿಡುವರು. "ಸೊಂಟ ಜಾರಿಸೋ, ಕಾಲು ಬಿಡಿಸ್ಕೋ," ಎಂದು ಕನ್ನಡ ಬಾರದ ಆ ಮನುಷ್ಯನಿಗೆ ಹೇಳಿಕೊಡುವರು. ಒಂದು ಮಧ್ಯಾಹ್ನ ಹೀಗೇ ಹೇಳಿಕೊಡುತ್ತಾ ಇದ್ದಾಗ, ಬೇಗ ಮನೆಗೆ ಬಂದಿದ್ದ ಶಿಲ್ಪಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತೆ," ಎಂದಳು ಪಿಸುದನಿಯಲ್ಲಿ. "ಮಾವನ ಕಾಲು ನೋಡಿ."

ಹೊದಿಕೆಯ ಕೆಳಗೆ ರುದ್ರಸ್ವಾಮಿಯ ಎರಡೂ ಮಂಡಿಗಳು ಮೇಲೆದ್ದಿದ್ದವು. ಆಪರೇಷನ್ ಆದ ಕಾಲು ನಡುಗುತ್ತಾ, ಗಾಳಿಯಲ್ಲಿ ಯಾರದೋ ಕುತ್ತಿಗೆ ಹುಡುಕುತ್ತಿತ್ತು. ಡಾಕ್ಟರು ಹೇಳಿದ ವ್ಯಾಯಾಮ ಬಹುಮಟ್ಟಿಗೆ ಅದೇ.

ಅಂದಿನಿಂದ ಕಾಲಿನ ಸಾಮು ನಡೆಯಿತು, ಲಿಂಗಪೂಜೆಯೂ ಮರಳಿ ಬಂತು. ಡಾಕ್ಟರು ಬಂದು ನೋಡಿ, ಶಕ್ತಿ ಬಂದಿದೆ, ಇನ್ನು ನಡೆಸಿ ಎಂದರು. ಅಲ್ಲಿಗೆ ಮತ್ತೆ ಬಂಡಿ ನಿಂತಿತು. ರುದ್ರಸ್ವಾಮಿ ವಾಕರ್ ಮುಟ್ಟಲು ಒಪ್ಪರು. ಹಾಲಿನಲ್ಲಿ ಎಲ್ಲರೂ ಇರುತ್ತಾರೆ, ತಾನು ಓಲಾಡುವುದನ್ನು ನೋಡುತ್ತಾರೆ. ಎಲ್ಲರೂ ಒಳಗೆ ಹೋಗಿ ಎಂದರೆ, ಒಬ್ಬರೇ ಬಿದ್ದರೆ ಗತಿಯೇನು ಎಂದು ಯಾರೂ ಹೋಗಲೊಲ್ಲರು. ಇದರ ಜೊತೆಗೆ ಇನ್ನೊಂದು ಸಂಕಟ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ತಂಗಿಯನ್ನು ಕೊಟ್ಟ ಮನೆಯಲ್ಲಿ ಅಣ್ಣ ಹೀಗೆ ಬಂದು ಬೀಡುಬಿಡುವುದು ನಮ್ಮ ಕಡೆ ಮರ್ಯಾದೆಯಲ್ಲ. ದಿನವೂ ಟೀವಿ ಹಾಕಿದಾಗ ಲಾಸ್ಯ ಓಡಿಹೋಗಿ ತಾತನ ಪರವಾಗಿ ನೆಂಟರ ಬಟನ್ ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ರುದ್ರಸ್ವಾಮಿಯ ಮುಖ ಸಣ್ಣಗಾಗುತ್ತಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ ಲೋಕೇಶ್ ಮತ್ತೆ ಬಂದ. ಭಾನುವಾರ, ಮನೆಯವರೆಲ್ಲ ಇದ್ದರು.

"ಯಜಮಾನ್ರೇ, ನೆಂಟರ ಬಟನ್ನು ದಿನಾ ಬರ್ತಿದೆ," ಎಂದ ವಿಶ್ವನಾಥರಿಗೆ. "ಯಾರೋ ಒಬ್ರೇ ನೆಂಟ್ರು ಇಷ್ಟು ದಿನ ಇದ್ರೆ ಲೆಕ್ಕ ತಪ್ಪಾಗ್ತದೆ. ಇವ್ರು ಹೊರಡ್ತಾರಾ, ಇಲ್ಲೇ ಇರ್ತಾರಾ? ಇಲ್ಲೇ ಇರೋರಾದ್ರೆ ಮನೆಯವರ ನಂಬರ್ ಕೊಡ್ಬೇಕು."

ರುದ್ರಸ್ವಾಮಿ ಗಂಟಲು ಸರಿಮಾಡಿಕೊಂಡರು. "ಕಾಲು ಸ್ವಲ್ಪ ನೆಟ್ಟಗಾದ ತಕ್ಷಣ ಅಶೋಕಪುರಂಗೆ..."

ಜೀವಮಾನದಲ್ಲಿ ಯಾರ ಮಾತನ್ನೂ ನಡುವೆ ತುಂಡರಿಸದ ವಿಶ್ವನಾಥರು ಆವತ್ತು ತುಂಡರಿಸಿದರು.

"ಇಲ್ಲೇ ಇರ್ತಾರೆ ಬರ್ಕೊಳ್ಳಿ," ಎಂದರು. "ಭಾವ, ನೀವು ಬಂದ್ಮೇಲೇನೇ ನನ್ನ ಹೆಂಡ್ತಿ ಜೋರಾಗಿ ನಗೋದು ನಾನು ಕೇಳಿದ್ದು. ನೀವು ಹೊರಟ್ರೆ ಇವಳ ಜೊತೆ ಆ ಪಂಜರದ ಕುಸ್ತಿ ನಾನು ನೋಡ್ಬೇಕಾಗ್ತದೆ. ನಂಗೆ ಆಗಲ್ಲ ಕಣ್ರೀ."

ಲಾಸ್ಯ ಕಿಸಕ್ಕನೆ ನಕ್ಕಳು. ಲೋಕೇಶ್ ಪೆಟ್ಟಿಗೆಯನ್ನು ತಿದ್ದಿ, ಬಟನ್ ಪಟ್ಟಿಯನ್ನು ಒರೆಸಿ ಟೀವಿಯ ಪಕ್ಕದ ಸ್ಟ್ಯಾಂಡಿನ ಮೇಲೆ ಇಟ್ಟ. "ಆರನೇ ನಂಬರು ಸಾರ್, ನಿಮ್ದು. ಒಂದ್ಸಲ ಒತ್ತಿ ತೋರ್ಸಿದ್ರೆ ನಾನು ಹೊರಡ್ತೀನಿ."

ಪ್ರೇಮಲೀಲಾ ಟೀವಿ ಹಾಕಿದರು. ಕೆಂಪು ದೀಪ ಮಿಟುಕತೊಡಗಿತು. ಲಾಸ್ಯ ಅಭ್ಯಾಸದಂತೆ ಓಡಿದಳು. ಅಜ್ಜಿ ಅವಳ ಲಂಗ ಹಿಡಿದು ನಿಲ್ಲಿಸಿದರು.

"ಅವರವರ ಬಟನ್ನು ಅವರವರೇ ಒತ್ಬೇಕು. ರೂಲ್ಸು."

"ಪಟ್ಟಿ ಅಲ್ಲಿಗೇ ತಂದ್ಕೊಡ್ಲಾ ಸಾರ್?" ಎಂದು ಕೈ ಚಾಚಿದ ಲೋಕೇಶನನ್ನು ಪ್ರೇಮಲೀಲಾ ಒಂದು ನೋಟ ನೋಡಿದರು. ಅವನು ಕೈ ಹಿಂತೆಗೆದುಕೊಂಡ.

ಮಂಚದಿಂದ ಟೀವಿಗೆ ಹಾಲಿನ ಅಗಲದಷ್ಟೇ ದೂರ. ರುದ್ರಸ್ವಾಮಿ ತಂಗಿಯ ಮುಖ ನೋಡಿದರು, ಮಿಟುಕುವ ದೀಪ ನೋಡಿದರು. ಆಮೇಲೆ ಕಾಲುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಶಿಲ್ಪಶ್ರೀ ತಂದಿಟ್ಟ ವಾಕರಿನ ಹಿಡಿ ಹಿಡಿದು ಎದ್ದರು. ದೊಡ್ಡ ಮೈ. ಎದ್ದಾಗ ಹಾಲು ಚಿಕ್ಕದಾಯಿತು. ಮೊದಲ ಹೆಜ್ಜೆಗೇ ಓಲಾಡಿದರು. ವಿಶ್ವನಾಥರು ಸಂಕೋಚದಿಂದ ಕಿಟಕಿಯ ಕಡೆ ತಿರುಗಿದರು. ಮಹೇಶ್ ತಲೆ ತಗ್ಗಿಸಿದ. ಯಾರೂ ಹೇಳಿಕೊಡದಿದ್ದರೂ ಎಲ್ಲರಿಗೂ ಆ ಮರ್ಯಾದೆ ಗೊತ್ತಿತ್ತು.

ರುದ್ರಸ್ವಾಮಿ ನಡುಹಾಲಿನಲ್ಲಿ ನಿಂತು, ಉಸಿರು ತೆಗೆದುಕೊಂಡರು.

"ಎಲ್ಲಿ ನೋಡ್ತಿದೀರ ಎಲ್ಲ?" ಎಂದರು. "ಇಲ್ಲಿ ನೋಡಿ. ಬಿದ್ರೆ ಬಿದ್ದೆ, ಕೈ ತಟ್ಟೋವರೆಗೂ ಮುಗಿದಿಲ್ಲ."

ಮುಖಗಳು ಒಂದೊಂದಾಗಿ ತಿರುಗಿದವು. ಅವರು ಮತ್ತೆ ಹೆಜ್ಜೆಯಿಟ್ಟರು. ವಾಕರ್ ಕಿರುಗುಟ್ಟಿತು, ಆಪರೇಷನ್ ಆದ ಕಾಲು ನಡುಗಿತು, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಪ್ರೇಮಲೀಲಾ ಎರಡೂ ಕೈಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಹೆಣೆದುಕೊಂಡು ಕೂತಿದ್ದರು. ಹಿಡಿಯಲು ಹೋಗಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ. ಅಣ್ಣನ ಅಗಲವಾದ ಬೆನ್ನು ತಮ್ಮ ಮುಂದೆಯೇ ಹಾದು, ಟೀವಿಯವರೆಗೆ ಹೋಗಿ ನಿಂತಿತು. ಅವರು ಬಗ್ಗಿ, ದಪ್ಪ ಹೆಬ್ಬೆರಳಿನಿಂದ ಆರನೇ ನಂಬರು ಒತ್ತಿದರು. ಕೆಂಪು ದೀಪ ಹೋಗಿ ಹಸಿರು ಬಂತು.

"ಪ್ರೇಮಾ," ಎಂದರು ರುದ್ರಸ್ವಾಮಿ, ಹಿಂತಿರುಗದೆ. "ನಿಂದೂ ಒತ್ತಿದೀಯಾ? ಬಾ ಇಲ್ಲಿ, ಒತ್ತು."